ಬೀರುವಿನೊಳಗೆ ಮೀನು

ಇವತ್ತು ಹೊಸ ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕುವಾಗ ಒಣಮೀನಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಗಾಬರಿಯಾಗಬೇಡಿ, ಈ ಮಾತ್ರೆಯ ಸ್ವಭಾವವೇ ಹಾಗೆ.

ಅಂಡಾಶಯದ ತೊಂದರೆಗೆ ಡಾಕ್ಟರು ಕೊಡುವ ಪಿಸಿಓಎಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳ ಬಿರುದು ನನಗೆ ದಯಪಾಲಿಸಲ್ಪಟ್ಟದ್ದು ಮದುವೆಯಾದ ಹೊಸತರಲ್ಲಿ. ಮುಟ್ಟು ತನಗೆ ತೋಚಿದಾಗ ಬರುತ್ತಿತ್ತು. ನಾನು ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ. ತೂಕ ಮಾತ್ರ ಪತಿವ್ರತೆಯಂತೆ ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ಪಾಠ ಮುಗಿಸಿ ಬಂದು ಬಿದ್ದುಕೊಂಡರೆ, ನಾನು ಮಂಚದ ಮೇಲಿದ್ದೇನೋ ಮಂಚವೇ ನನ್ನ ಮೇಲಿದೆಯೋ ತಿಳಿಯುತ್ತಿರಲಿಲ್ಲ.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅತ್ತೆ ವಿಭೂತಿ ಧರಿಸದೆ ನೀರನ್ನೂ ಮುಟ್ಟುವವರಲ್ಲ. ಮೊಟ್ಟೆ ಎಂಬ ಮಾತೇ ಹೊಸಿಲು ದಾಟಿ ಒಳಬಂದಿಲ್ಲ. ಸೊಸೆಗೆ ಮಕ್ಕಳಾಗುವುದು ಕಷ್ಟವೆಂದು ತಿಳಿದರೆ ಏನಂದಾರೋ ಎಂಬ ಅಂಜಿಕೆಯಿಂದ, ಮಾತ್ರೆ ಡಬ್ಬಿಯನ್ನು ಬೀರುವಿನ ರೇಷ್ಮೆ ಸೀರೆಗಳ ನಡುವೆ ಬಚ್ಚಿಟ್ಟಿದ್ದೆ.

ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ, ಅತ್ತೆ ಬೀರು ತೆರೆದು ನನ್ನ ಧಾರೆ ಸೀರೆಯನ್ನು ಮೂಸುತ್ತಿದ್ದಾರೆ! ಕೋಣೆಯ ಬಾಗಿಲು ಮುಂದೆ ಮಾಡಿ ಹತ್ತಿರ ಬಂದು ಕುಳಿತರು.

"ಏನವ್ವಾ, ಮೀನು ತಿಂತೀಯಾ?"

ನಾನು ಎದ್ದು ಕುಳಿತೆ.

"ಹೇಳು, ಬೈಯಲ್ಲ. ಊಟಕ್ಕೆ ಕುಂತ್ರೆ ಅರ್ಧ ಮುದ್ದೆಗೇ ಎದ್ದು ಹೋಗ್ತೀಯ, ಮೈ ನೋಡಿದ್ರೆ ಹಿಂಗೈತೆ. ಎಲ್ಲೋ ಕದ್ದು ತಿಂತಾಳೆ ಅಂತ ಅನುಮಾನ ಇತ್ತು. ಅಷ್ಟು ಆಸೆ ಆದ್ರೆ ಹೊರಗೆ ತಿಂದು ಬಾ. ರೇಷ್ಮೆ ಸೀರೇಲಿ ಇಕ್ಕಬ್ಯಾಡ."

ಕುಲಾಚಾರವನ್ನೇ ಬಿಟ್ಟುಕೊಡಲು ಸಿದ್ಧರಾಗಿ ಕುಳಿತ ಆ ಹೆಂಗಸಿನ ಮುಂದೆ ಇನ್ನು ಮುಚ್ಚಿಡುವುದೇನು? ಡಬ್ಬಿ ತೆರೆದು ತೋರಿಸಿದೆ. ಕಾಯಿಲೆ, ಆಯಾಸ, ಮಗುವಿನ ಬಗೆಗಿನ ಅಂಜಿಕೆ, ಎಲ್ಲ ಹೇಳಿದೆ. ಅತ್ತೆ ಒಂದು ಮಾತ್ರೆ ಮೂಸಿ ಮುಖ ಕಿವುಚಿದರು.

"ಇದನ್ನ ದಿನಾ ನುಂಗ್ತೀಯಾ?"

"ದಿನಾ. ಊಟದ ಜೊತೆಗೆ."

"ಅಯ್ಯೋ ಶಿವನೇ! ಸುಸ್ತಾಗ್ದೆ ಇನ್ನೇನಾಗ್ತೈತೆ!"

ಮಗುವಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಸಂಜೆ ನನ್ನನ್ನು ಮಾರುಕಟ್ಟೆ ಪ್ರಾಂಗಣದವರೆಗೆ ನಡೆಸಿಕೊಂಡು ಹೋಗತೊಡಗಿದರು. ಇಳಿದದ್ದು ಹೆಚ್ಚಾಗಿ ಅವರ ತೂಕವೇ.

ಇವತ್ತೂ ಮಾತ್ರೆ ನುಂಗಿ ಅಡ್ಡಾಗಿದ್ದೆ. ಪಕ್ಕದ ಮನೆಯ ಗಂಗಮ್ಮನ ದನಿ ಜಗಲಿಯಿಂದ ಕೇಳಿಸಿತು: "ಏನ್ ಅಕ್ಕಾ, ಸೊಸೆ ಈ ಹೊತ್ತಲ್ಲಿ ಮಲಗ್ಯಾಳೆ? ಬಸುರಿ ಗಿಸುರಿ ಏನಾರ...?"

ಸೋಮಾರಿ ಎನಿಸಿಕೊಳ್ಳಬಾರದೆಂದು ನಾನು ಗಡಬಡಿಸಿ ಒಂದು ಕಾಲು ಕೆಳಗಿಳಿಸಿದೆ.

"ಸುಸ್ತಾಗೈತೆ, ಮಲಗ್ಯಾಳೆ," ಎಂದರು ಅತ್ತೆ. "ಸುಸ್ತಾಗಾಕೆ ಬಸುರೇ ಆಗ್ಬೇಕೇನೆ? ಮೆಲ್ಲಕೆ ಮಾತಾಡು."

ಇಳಿಸಿದ ಕಾಲನ್ನು ಮತ್ತೆ ಮಂಚದ ಮೇಲೆ ಎಳೆದುಕೊಂಡೆ.