ಸುಣ್ಣಗಲ್ಲಿನ್ಯಾಗ ಸಿಕ್ಕ ಕೆಂಪು ಖನಿಜ

ಗೆಳ್ಯಾರ, ಬಾಗಲಕೋಟಿ ಸುಣ್ಣಗಲ್ಲಿನ್ಯಾಗ ನಮ್ಮ ಪ್ರೊಫೆಸರ್ ಇವತ್ತ ಹೊಸಾ ಕೆಂಪು ಖನಿಜ ಕಂಡುಹಿಡಿದ್ರು! ಮೈಕ್ರೋಸ್ಕೋಪ್ ಬಿಟ್ಟು ಏಳವಲ್ಲರು.

"ಸರ್, ಅದು ಕುಂಕುಮರಿ. ಮೊನ್ನೆ ದಸರಾ ಖಂಡೇಪೂಜಿಗೆ ಪ್ಯೂನ್ ಸಂಗಪ್ಪ ಮೈಕ್ರೋಸ್ಕೋಪಿಗೆ ಏರಿಸಿದ್ದು ಕಲ್ಲಿನ ಮ್ಯಾಲೆ ಉದುರೇತಿ," ಅಂದೆ.

"ಸುಮ್ನಿರವಾ. ಲೇಖನ ಆಗಲೇ ಟೈಪ್ ಮಾಡಾಕ ಕೊಟ್ಟೇನಿ. ನಿನ್ನ ಪಿಎಚ್‌ಡಿಗೆ ಸಹಿ ಹಾಕಾವ ನಾನು, ನೆನಪಿರಲಿ."

"ಹಂಗಾದ್ರ ಲೇಖನದಾಗಿಂದ ನನ್ನ ಹೆಸರು ಹೊಡದು ಹಾಕ್ರಿ," ಅಂದೆ. ಅವರ ಕಣ್ಮುಂದನ ಸೆರಗಿನ ತುದಿ ಒದ್ದಿ ಮಾಡಿ ಕಲ್ಲು ಒರೆಸಿದೆ. ಮತ್ತ ಬಗ್ಗಿ ನೋಡಿದ್ರು. ಒಂದೂ ಕೆಂಪು ಕಣ ಇರಲಿಲ್ಲ.

ಪಿಎಚ್‌ಡಿ ಏನಾಗತೈತೋ ಆಗಲಿ. ಸರ್ ಕಂಡುಹಿಡಿದ ಖನಿಜ ಸದ್ಯ ನನ್ನ ಸೆರಗಿನ್ಯಾಗ ಐತಿ. ನೋಡಾವ್ರು ಇವತ್ತ ಬರ್ರಿ, ನಾಳೆ ಸೀರಿ ಒಗಿಯಾಕ ಹಾಕ್ತೇನಿ.