ಎಣ್ಣಿ ಹೊಡೆದ ದಿನ

ನಮ್ಮ ಧಾರವಾಡದ ಕಡೆ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೆದರು, ಎಣ್ಣಿ ಡಬ್ಬಿ ಮೇಲಿಡು, ಹೀಗೆ. ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದರೂ ಆ ಮಾತು ನನ್ನ ಬಾಯಿಂದ ಹೋಗಲಿಲ್ಲ.

ಕುವೈತಿನಲ್ಲಿ ನಾನು ಕೆಲಸ ಮಾಡುವ ತೋಟದಲ್ಲಿ ಬೆಳೆಯೆಲ್ಲ ಹಸಿರುಮನೆಯೊಳಗೇ. ಹೋದ ಚಳಿಗಾಲ ಮಾಲೀಕರಿಗೆ ಕನೋಲಾ ಬೆಳೆದು ನೋಡುವ ಆಸೆ ಬಂತು. ಸಾಸಿವೆ ಜಾತಿಯ ಎಣ್ಣೆಕಾಳು ಅದು. ಮೊಗ್ಗು ಬರುವ ಹೊತ್ತಿಗೆ ಕೆಲವು ಅರಳದೆ ಬುರಬುರನೆ ಊದಿಕೊಂಡವು. ಉಗುರಿನಿಂದ ಸೀಳಿದರೆ ಒಳಗೆ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಹುಳುಗಳು. ಸೊಳ್ಳೆಗಿಂತ ಚಿಕ್ಕ ನೊಣವೊಂದು ಮೊಗ್ಗಿನಲ್ಲಿ ಮೊಟ್ಟೆಯಿಟ್ಟಿತ್ತು.

ಮುಚ್ಚಿದ ಮೊಗ್ಗಿನೊಳಗೆ ಔಷಧಿ ಇಳಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಊದಿದ ಮೊಗ್ಗು ಕಿತ್ತು ಸುಡಬೇಕು, ಹುಳು ಉದುರಿ ಕೋಶ ಕಟ್ಟುವ ಮಣ್ಣನ್ನು ಬೆಳೆ ತೆಗೆದಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸಬೇಕು. ಮ್ಯಾನೇಜರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ದಿನಾ ಯಲ್ಲಾ ಯಲ್ಲಾ, ಬೇಗ ಬೇಗ, ಅನ್ನುತ್ತಿದ್ದರು. ನಾನು ಸಿಂಪಡಿಸಲು ಒಪ್ಪಿದೆ.

ಸ್ಟೋರ್ ನೋಡಿಕೊಳ್ಳುತ್ತಿದ್ದವರು ಕರಾವಳಿಯ ಉಳ್ಳಾಲದ ಬ್ಯಾರಿ, ನನಗಿಂತ ಹದಿನೈದು ವರ್ಷ ದೊಡ್ಡವರು. ಔಷಧಿ ಕಪಾಟಿನ ಕೀಲಿ ಮಾತ್ರ ನನ್ನ ಹತ್ತಿರ ಇರುತ್ತಿತ್ತು. ಮಹಬೂಲಾದ ನಮ್ಮ ವಸತಿಯಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಬರುತ್ತಿದ್ದೆವು. ನನ್ನನ್ನು ಹುಳದ ಡಾಕ್ಟ್ರು ಅಂತ ಕರೆಯುತ್ತಿದ್ದರು. ಬಿಡುವಾದಾಗ ಊದಿದ ಮೊಗ್ಗು ಕಿತ್ತುಕೊಡಿ ಎಂದು ಸಿಂಪಡಿಸುವ ಹಿಂದಿನ ದಿನವಷ್ಟೇ ಅವರನ್ನು ಕೇಳಿಕೊಂಡಿದ್ದೆ.

ಬೆಳಿಗ್ಗೆ ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ಸಿಂಪಡಿಸಿ ಹೊರಗೆ ಬಂದು, ಮಾಸ್ಕು ಪಂಪು ತೊಳೆದಿಟ್ಟೆ. ಅವರು ಎದುರಾದರು.

"ಒಳಗ ಎಣ್ಣಿ ಹೊಡೆದೈತಿ ಭಾಯಿ, ಹುಷಾರ್ರಿ" ಅಂದೆ.

"ಎಣ್ಣೆ ತೆಗೆಯುವ ಗಿಡಕ್ಕೆ ಪುನಃ ಎಣ್ಣೆಯಾ ಮಾರಾಯ್ರೆ?"

ನಾನೂ ನಕ್ಕೆ. ಬಾಗಿಲಿಗೆ ಬೀಗ ಹಾಕದೆ, ಬೋರ್ಡು ತೂಗುಹಾಕದೆ ಸ್ನಾನಕ್ಕೆ ಹೋದೆ.

ವಾಪಸು ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಮೂರನೇ ಸಾಲಿನಲ್ಲಿ ಅವರು ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಮೊಗ್ಗಿನ ಚೀಲ. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಕಣ್ಣಪಾಪೆಗಳು ಸಾಸಿವೆಕಾಳಿನಷ್ಟಾಗಿದ್ದವು. ಕಂಕುಳಲ್ಲಿ ಕೈ ಹಾಕಿ ಹೊರಗೆ ಎಳೆದೆ, ಬಟ್ಟೆ ಬಿಚ್ಚಿ ಪೈಪಿನಲ್ಲಿ ನೀರು ಬಿಟ್ಟೆ. ತೊಡೆಯ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. ಆಂಬುಲೆನ್ಸ್ ಬರುವವರೆಗೂ ನೀರು ಬಿಡುತ್ತಲೇ ಇದ್ದೆ. ಈಗಲೂ ಎಲ್ಲಾದರೂ ನಲ್ಲಿ ಸುರಿಯುವ ಸದ್ದು ಕೇಳಿದರೆ ಆ ತೊಡೆ ಕಾಣುತ್ತದೆ.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಅವರು ಮಾತಾಡಿದರು.

"ನೀವು ಎಣ್ಣೆ ಅಂದ್ರಲ್ಲ. ನೆಲ ಜಾರ್ತದೆ ಅಂತ ಮೆಲ್ಲ ಮೆಲ್ಲ ನಡೆದೆ."

ಮೆಲ್ಲ ನಡೆದದ್ದರಿಂದಲೇ ಅಷ್ಟು ಹೊತ್ತು ಒಳಗಿದ್ದರು. ನಾನು ನೀರಿನ ಲೋಟ ಕೊಟ್ಟೆ. ಅವರ ಕೈ ನಡುಗಿ ನೀರು ಎದೆಯ ಮೇಲೆ ಚೆಲ್ಲಿತು. ಆ ನಡುಕ ಹೋಗುತ್ತದೋ ಇಲ್ಲವೋ, ಡಾಕ್ಟರಿಗೂ ಹೇಳಲಾಗಲಿಲ್ಲ. ನಾನು ಒರೆಸುವಾಗ ಅವರು ಕೇಳಿದರು:

"ಹುಳ ಸತ್ತಿತಾ ಡಾಕ್ಟ್ರೇ?"

ಅವತ್ತು ಆಸ್ಪತ್ರೆಗೆ ಬರುವ ಮೊದಲು ಗಿಡದಿಂದ ಒಂದು ಮೊಗ್ಗು ಕಿತ್ತು ಸೀಳಿ ನೋಡಿದ್ದೆ. ಒಳಗೆ ಹುಳುಗಳು ಹೊರಳಾಡುತ್ತಿದ್ದವು.

"ಸತ್ತಾವ್ರಿ ಭಾಯಿ" ಅಂದೆ.