ನಾಲ್ಕೂ ಕಡೆ ಹಸಿರು

ಚಿಯೆನ್ ಯುಯೆ-ಓ ನಮ್ಮ ನಾಲ್ಕುರಸ್ತೆಯ ಮೂಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸೋಯಾ ಹಾಲು, ಮೊಟ್ಟೆರೊಟ್ಟಿ ಮಾರುತ್ತಿದ್ದಾರೆ. ಕಳೆದ ವರ್ಷ ಅಲ್ಲಿ ನಡೆದ ಡಿಕ್ಕಿಗಳು ಹದಿನೇಳು. ಎರಡು ಸ್ಕೂಟರುಗಳು ಅಂಗಡಿಯೊಳಗೇ ಬಂದು ನಿಂತವು. ಒಬ್ಬ ಸವಾರ, ಹೇಗೂ ಬಂದದ್ದಾಯಿತೆಂದು, ತಿಂಡಿ ತಿಂದು ಹೋದ. ಯುಯೆ-ಓ ಅವರ ಚಿಂತೆ ಅಂಗಡಿಯದಲ್ಲ, ಗಂಡನದು. ಕಿವಿ ಕೇಳದ ಆ-ಹೋಕ್ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ರಸ್ತೆ ದಾಟಿ, ಎದುರಿನ ದೇವಸ್ಥಾನದಲ್ಲಿ ಚದುರಂಗಕ್ಕೆ ಕೂರುತ್ತಾರೆ.

ಯುಯೆ-ಓ ಕೊಟ್ಟ ಒಂಬತ್ತನೆಯ ಅರ್ಜಿಗೆ ಸಿಗ್ನಲ್ ದೀಪ ಬಂದಿತು. ಮಾರ್ಚ್ ನಾಲ್ಕರಂದು ಅದು ಕೆಟ್ಟು, ನಾಲ್ಕೂ ಕಡೆ ಹಸಿರು ತೋರಿಸತೊಡಗಿತು.

ಸಾರಿಗೆ ಕಚೇರಿಯ ಕೋ ಎಂಬ ಅಧಿಕಾರಿ ಬಂದು, ಕಂಬದಲ್ಲಿದ್ದ ದೀಪದ ನಿಯಂತ್ರಣ ಪೆಟ್ಟಿಗೆ ತೆರೆದರು. ಯಂತ್ರ ಹಟ ಮಾಡದಿರಲೆಂದು ಅದರ ಮೇಲೊಂದು ಕುರುಕಲು ತಿಂಡಿಯ ಹಸಿರು ಪೊಟ್ಟಣ ಇಡುವುದು ತೈವಾನಿನ ವಾಡಿಕೆ. ಪೊಟ್ಟಣ ಅಲ್ಲಿತ್ತು, ಅದರ ಅವಧಿ ಫೆಬ್ರವರಿಗೇ ಮುಗಿದಿತ್ತು.

"ಗೊತ್ತಾಯ್ತು ಚಿಕ್ಕಮ್ಮ, ಇದೇ ಕಾರಣ," ಎಂದರು ಕೋ, ಯುಯೆ-ಓ ಅವರತ್ತ ತಿರುಗಿ.

"ಹಂಗಾದ್ರೆ ಹೊಸದು ಇಡಿ. ನಾನೇ ತಂದ್ಕೊಡ್ಲಾ?"

"ಹಂಗೆಲ್ಲ ಇಡೋಕಾಗಲ್ಲ. ಕಂಬ ಜಿಲ್ಲೆದು, ಪೆಟ್ಟಿಗೆ ಪಟ್ಟಣದ್ದು. ಪೊಟ್ಟಣ ಯಾರ್ದು ಅಂತ ಸಭೆ ಕರೀಬೇಕು."

"ಒಳಗಿನ ತಂತಿ ಯಾವಾಗ ನೋಡ್ತೀರಿ?"

"ಅದು ಪೊಟ್ಟಣ ತೀರ್ಮಾನ ಆದ್ಮೇಲೆ."

ಮೂರು ಸಭೆಗಳಾದವು. ಡಿಕ್ಕಿಗಳು ಐದಾದವು. ನಾಲ್ಕನೆಯ ಸಭೆಯ ನೋಟಿಸು ಅಂಟಿಸಲು ಕೋ ಬಂದ ಬೆಳಿಗ್ಗೆ, ಯುಯೆ-ಓ ಗಂಡನ ಕೈಯನ್ನು ಕೋ ಅವರ ಕೈಯಲ್ಲಿಟ್ಟರು.

"ಸರ್ಕಾರ ಅಂದ್ರೆ ನೀವೇ ಅಲ್ವಾ? ಈ ನನ್ನ ಮುದಿಕೋತೀನ ಆಚೆ ದಾಟ್ಸಿ, ನೋಡೋಣ."

ಸರ್ಕಾರ ರಸ್ತೆಯ ಅಂಚಿನಲ್ಲಿ ಹದಿನಾಲ್ಕು ನಿಮಿಷ ನಿಂತಿತು. ಕೊನೆಗೆ ಆ-ಹೋಕ್ ಅವರೇ ಕೋ ಅವರನ್ನು ಎಳೆದುಕೊಂಡು ದಾಟಿದರು. ಹಿಂತಿರುಗುವ ಧೈರ್ಯ ಮಾತ್ರ ಕೋ ಅವರಿಗೆ ಬರಲಿಲ್ಲ. ದೇವಸ್ಥಾನದ ಮೆಟ್ಟಿಲಿನಿಂದ ಕಚೇರಿಗೆ ಏಳು ಬಾರಿ ಫೋನು ಮಾಡಿದರು. ನಡುವೆ ಚದುರಂಗದಲ್ಲಿ ಎರಡು ಆಟ ಸೋತರು. ಹನ್ನೊಂದೂವರೆಗೆ ಇಬ್ಬರು ಪೊಲೀಸರು ಬಂದು, ನಾಲ್ಕೂ ಕಡೆ ವಾಹನ ತಡೆದು, ಕೋ ಅವರನ್ನು ಈಚೆಗೆ ಕರೆತಂದರು.

"ಸರ್ಕಾರ ಕ್ಷೇಮವಾಗಿ ಮನೆಗೆ ಬಂತು," ಎಂದರು ಯುಯೆ-ಓ. "ನನ್ನ ಗಂಡ ಅಲ್ಲೇ ಉಳ್ಕೊಂಡ್ನಲ್ಲಪ್ಪ?"

ಕೋ ಆಚೆ ಬದಿಯನ್ನು ನೋಡಿದರು. ಹೊರಟಿದ್ದ ಪೊಲೀಸರನ್ನು ನಿಲ್ಲಿಸಿದರು. ದೀಪ ಸರಿಯಾಗುವವರೆಗೆ ಇಬ್ಬರೂ ಇಲ್ಲೇ ಇರತಕ್ಕದ್ದೆಂದು ನೋಟಿಸಿನ ಹಿಂಬದಿಯಲ್ಲಿ ಬರೆದರು. 'ಹೊಣೆ' ಎಂದು ಬರೆದು, ಯಾವ ಕಚೇರಿಯೆಂದು ತುಸು ಯೋಚಿಸಿ, ತಮ್ಮ ಸ್ವಂತ ಹೆಸರಿನ ಮುದ್ರೆಯನ್ನೇ ಒತ್ತಿದರು.

ಆಟ ಮುಗಿಯದೆ ಬರುವುದಿಲ್ಲವೆಂದು ಆ-ಹೋಕ್ ಆಚೆಯಿಂದ ಕೈಬೀಸಿ ಸನ್ನೆ ಮಾಡಿದರು. ಪೊಲೀಸರು ಕಾದರು.